ಕೌಶಲಕ್ಕೂ ಸವಕಳಿಯುಂಟು: ದಾರಿಯನ್ನೇ ಬದಲಿಸಿದ ವಿಜೇತರಿಂದ ಉದ್ಯಮಕ್ಕೆ ಪಾಠ

ಯಂತ್ರೋಪಕರಣಗಳಿಗೆ, ಕಟ್ಟಡಕ್ಕೆ, ವಾಹನಗಳಿಗೆ ಪ್ರತಿವರ್ಷವೂ ಸವಕಳಿಯನ್ನು ಲೆಕ್ಕಹಾಕಿ ಖರ್ಚು ಬರೆಯುವುದು ಪ್ರತಿಯೊಬ್ಬ ವರ್ತಕನಿಗೂ ಉದ್ದಿಮೆದಾರನಿಗೂ ಪರಿಚಿತವಾದ ಸಂಗತಿ. ಆದರೆ ಹತ್ತಾರು ವರ್ಷ ಶ್ರಮಿಸಿ ಗಳಿಸಿದ ಕೆಲಸಗಾರಿಕೆ, ಕಾರ್ಖಾನೆಯಲ್ಲಿ ನೆಲೆಗೊಂಡ ತಯಾರಿಕಾ ವಿಧಾನ, ಪೇಟೆಯಲ್ಲಿ ರೂಢಿಗೆ ಬಂದ ವ್ಯಾಪಾರಕ್ರಮ ಇವುಗಳಿಗೆ ಯಾವ ಲೆಕ್ಕಪುಸ್ತಕದಲ್ಲಿಯೂ ಸವಕಳಿ ಬರೆಯುವ ಪದ್ಧತಿಯಿಲ್ಲ. ಅವು ಕಾಲಕಾಲಕ್ಕೆ ಬೆಳೆಯುತ್ತವೆಯೇ ಹೊರತು ಕ್ಷಯಿಸುವುದಿಲ್ಲವೆಂಬ ನಂಬಿಕೆಯೇ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಯಾವುದಾದರೊಂದು ಕ್ಷೇತ್ರಕ್ಕೆ ಹೊಸ ದಾರಿ ತೋರುವ ವ್ಯಕ್ತಿಯೊಬ್ಬ ಕಾಣಿಸಿಕೊಂಡಾಗ, ಆ ಕ್ಷೇತ್ರದಲ್ಲಿರುವ ಇತರರೆಲ್ಲರ ಕೌಶಲದ ಬೆಲೆ ಸದ್ದಿಲ್ಲದೆ ಇಳಿಯತೊಡಗುತ್ತದೆ. ಈ ಇಳಿಕೆಯನ್ನು ಸಕಾಲದಲ್ಲಿ ಗುರುತಿಸಿದವರು ಉಳಿಯುತ್ತಾರೆ. ಗುರುತಿಸದವರು ತಮ್ಮ ಅತ್ಯುತ್ತಮ ಕೆಲಸವನ್ನು ಮಾಡುತ್ತಿರುವಾಗಲೇ ಹಿಂದೆ ಬೀಳುತ್ತಾರೆ.

ಕ್ರೀಡೆ, ಸರಕು ಸಾಗಣೆ ಮತ್ತು ಗಡಿಯಾರ ತಯಾರಿಕೆ ಈ ಮೂರು ಕ್ಷೇತ್ರಗಳ ಇತಿಹಾಸವನ್ನು ಆಧರಿಸಿ, ಇಂತಹ ಬದಲಾವಣೆ ಹೇಗೆ ನಡೆಯುತ್ತದೆ, ಅದರ ಲಾಭ ಯಾರಿಗೆ ಸಲ್ಲುತ್ತದೆ ಹಾಗೂ ಸಣ್ಣ ಉದ್ದಿಮೆದಾರರು ತಮ್ಮ ಲೆಕ್ಕಾಚಾರದಲ್ಲಿ ಇದನ್ನು ಹೇಗೆ ಅಳವಡಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎರಡು ಬಗೆಯ ವಿಜೇತರು

ವಿಜೇತರಲ್ಲಿ ಎರಡು ಬಗೆಯವರನ್ನು ಕಾಣಬಹುದು. ಮೊದಲನೆಯವರು, ಎಲ್ಲರೂ ಅನುಸರಿಸುವ ವಿಧಾನವನ್ನೇ ಎಲ್ಲರಿಗಿಂತ ಚೆನ್ನಾಗಿ ಸಾಧಿಸಿದವರು. ಇವರ ಗೆಲುವಿನಿಂದ ಕ್ಷೇತ್ರದ ಮಟ್ಟ ಏರುತ್ತದೆ. ಆದರೆ ಉಳಿದವರು ಕಲಿತ ವಿದ್ಯೆ ವ್ಯರ್ಥವಾಗುವುದಿಲ್ಲ. ಎರಡನೆಯವರು, ಗುರಿಯನ್ನು ಹಾಗೆಯೇ ಉಳಿಸಿಕೊಂಡು ಅದನ್ನು ತಲುಪುವ ದಾರಿಯನ್ನೇ ಬದಲಿಸುವವರು. ಇವರ ಸಾಧನೆ ಪ್ರಾರಂಭದಲ್ಲಿ ಹಾಸ್ಯಾಸ್ಪದವಾಗಿ ಕಾಣಬಹುದು, ಅಂಕಿಅಂಶಗಳಲ್ಲಿ ಅಷ್ಟೇನೂ ದೊಡ್ಡದಾಗಿರದಿರಬಹುದು. ಆದರೂ ಇವರ ನಂತರ ಆ ಕ್ಷೇತ್ರ ಹಿಂದಿನಂತೆ ಇರುವುದಿಲ್ಲ.

ಎತ್ತರ ಜಿಗಿತದಲ್ಲಿ ಫಾಸ್ಬರಿ

1968ರ ಮೆಕ್ಸಿಕೋ ಒಲಿಂಪಿಕ್ಸ್‌ನ ಪುರುಷರ ಎತ್ತರ ಜಿಗಿತದಲ್ಲಿ ಅಮೆರಿಕದ ಡಿಕ್ ಫಾಸ್ಬರಿ 2.24 ಮೀಟರ್ ಜಿಗಿದು ಚಿನ್ನದ ಪದಕ ಪಡೆದರು. ಅದು ಅಂದಿನ ಒಲಿಂಪಿಕ್ ದಾಖಲೆ. ಆಗ ಅವರು ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಪದಕಕ್ಕಿಂತ ಹೆಚ್ಚಾಗಿ ಪ್ರೇಕ್ಷಕರ ಗಮನ ಸೆಳೆದದ್ದು ಅವರು ಜಿಗಿದ ರೀತಿ. ಇತರ ಪ್ರಮುಖ ಸ್ಪರ್ಧಿಗಳು ಅಡ್ಡಪಟ್ಟಿಯ ಮೇಲೆ ಹೊಟ್ಟೆಯನ್ನು ಕೆಳಗೆ ಮಾಡಿ, ಕುದುರೆಯ ಬೆನ್ನಿನ ಮೇಲೆ ಕಾಲು ಹಾಯಿಸಿದಂತೆ ಹೊರಳಿ ದಾಟುತ್ತಿದ್ದರು. ಈ ವಿಧಾನಕ್ಕೆ ಸ್ಟ್ರಾಡಲ್ ಎಂದು ಹೆಸರು. ಫಾಸ್ಬರಿ ಮಾತ್ರ ವಕ್ರಪಥದಲ್ಲಿ ಓಡಿಬಂದು, ಪಟ್ಟಿಗೆ ಬೆನ್ನು ತಿರುಗಿಸಿ, ತಲೆ ಮೊದಲಾಗಿ ಹಿಮ್ಮುಖವಾಗಿ ದಾಟಿ ಬೆನ್ನಿನ ಮೇಲೆ ಬೀಳುತ್ತಿದ್ದರು.

ಇದು ಕೇವಲ ವಿಚಿತ್ರ ಭಂಗಿಯಾಗಿರಲಿಲ್ಲ. ದೇಹ ಬಿಲ್ಲಿನಂತೆ ಬಾಗಿ ಒಂದೊಂದೇ ಭಾಗವಾಗಿ ಪಟ್ಟಿಯನ್ನು ದಾಟುವುದರಿಂದ, ದೇಹವೆಲ್ಲ ಪಟ್ಟಿಯ ಮೇಲಿನಿಂದ ಹೋದರೂ ಅದರ ಗುರುತ್ವ ಕೇಂದ್ರ ಪಟ್ಟಿಗಿಂತ ಕೆಳಗಿನಿಂದಲೇ ಸಾಗುವುದು ಸಾಧ್ಯ. ಕಾಲಿನ ಶಕ್ತಿ ಅಷ್ಟೇ ಇದ್ದರೂ ಹೆಚ್ಚಿನ ಎತ್ತರವನ್ನು ದಾಟಬಹುದು. ಉದ್ಯಮದ ಭಾಷೆಯಲ್ಲಿ ಹೇಳುವುದಾದರೆ, ಅದೇ ಕಚ್ಚಾಮಾಲಿನಿಂದ ಹೆಚ್ಚಿನ ಉತ್ಪತ್ತಿ.

ಇಷ್ಟು ಉಪಯುಕ್ತವಾದ ವಿಧಾನ ಅದಕ್ಕೂ ಮೊದಲು ಏಕೆ ಬಳಕೆಗೆ ಬರಲಿಲ್ಲ? ನಿಯಮ ಅಡ್ಡಿಯಾಗಿರಲಿಲ್ಲ. ಒಂದೇ ಕಾಲಿನಿಂದ ನೆಲವನ್ನೊತ್ತಿ ಮೇಲೇಳಬೇಕೆಂಬುದು ನಿಯಮವೇ ಹೊರತು, ಮುಖ ಯಾವ ಕಡೆಗಿರಬೇಕೆಂದು ಅದು ವಿಧಿಸಿರಲಿಲ್ಲ. ಅಡ್ಡಿಯಿದ್ದದ್ದು ಬೀಳುವ ಜಾಗದಲ್ಲಿ. ಜಿಗಿದವನು ಬೀಳುತ್ತಿದ್ದುದು ಮರಳಿನ ಅಥವಾ ಮರದ ಹೊಟ್ಟಿನ ಗುಂಡಿಗೆ. ಎರಡು ಮೀಟರ್ ಎತ್ತರದಿಂದ ಅದರೊಳಗೆ ಬೆನ್ನು, ಕತ್ತು ಊರಿ ಬಿದ್ದರೆ ಪ್ರಾಣಾಪಾಯ. ಆದ್ದರಿಂದ ಕೈಕಾಲು ಊರಿ ಇಳಿಯಬಹುದಾದ ವಿಧಾನಗಳು ಮಾತ್ರ ಬೆಳೆದಿದ್ದವು. 1960ರ ದಶಕದಲ್ಲಿ ಅಮೆರಿಕದ ಶಾಲಾ ಕಾಲೇಜುಗಳ ಮೈದಾನಗಳಿಗೆ ಫೋಮ್ ರಬ್ಬರಿನ ದಪ್ಪ ಹಾಸುಗಳು ಬರತೊಡಗಿದವು. ಫಾಸ್ಬರಿ ಓದುತ್ತಿದ್ದ ಮೆಡ್‌ಫರ್ಡ್ ಪ್ರೌಢಶಾಲೆ ಅವುಗಳನ್ನು ಮೊದಮೊದಲು ಪಡೆದ ಶಾಲೆಗಳಲ್ಲಿ ಒಂದು. ಹಾಸು ಬಂದಮೇಲೆಯೂ ಇತರರು ಹಳೆಯ ರೀತಿಯಲ್ಲಿಯೇ ಜಿಗಿದು ಮೆತ್ತಗೆ ಬೀಳುತ್ತಿದ್ದರು. ಬೀಳುವ ಭಯ ಹೋದಮೇಲೆ ಜಿಗಿಯುವ ರೀತಿಯೂ ಬದಲಾಗಬಹುದೆಂಬ ಸಾಧ್ಯತೆಯನ್ನು ಬಳಸಿಕೊಂಡವರು ಫಾಸ್ಬರಿ.

ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಅವರು ಸ್ಟ್ರಾಡಲ್ ವಿಧಾನದಲ್ಲಿ ನಿಪುಣರಾಗಿರಲಿಲ್ಲ. ಅದು ಕೈಗೂಡದೆ ಹೋದದ್ದರಿಂದಲೇ ಬೇರೆ ದಾರಿ ಹುಡುಕಿದರು. ಹಳೆಯ ವಿಧಾನದಲ್ಲಿ ಹೂಡಿದ ಬಂಡವಾಳ ಕಡಿಮೆಯಿದ್ದವನಿಗೆ ಅದನ್ನು ಕೈಬಿಡುವುದು ಸುಲಭವಾಯಿತು. ಅದೇ ಕಾಲದಲ್ಲಿ ಕೆನಡಾದ ಡೆಬ್ಬಿ ಬ್ರಿಲ್ ಎಂಬ ಬಾಲಕಿ, ಫಾಸ್ಬರಿಯ ಪರಿಚಯವಿಲ್ಲದೆ, ಸ್ವತಂತ್ರವಾಗಿ ಇಂತಹದೇ ವಿಧಾನವನ್ನು ರೂಪಿಸಿಕೊಂಡಿದ್ದಳು. ಪರಿಸ್ಥಿತಿ ಪಕ್ವವಾದಾಗ ಹೊಸ ದಾರಿ ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ತೆರೆದುಕೊಳ್ಳುತ್ತದೆಂಬುದಕ್ಕೆ ಇದು ನಿದರ್ಶನ.

ಹಳೆಯ ವಿಧಾನದ ಕೊನೆಯ ದಶಕ

ಮೆಕ್ಸಿಕೋದ ಗೆಲುವಿನ ಮರುದಿನವೇ ಸ್ಟ್ರಾಡಲ್ ವಿಧಾನ ಮಾಯವಾಗಲಿಲ್ಲ. ಈ ಭಾಗ ವ್ಯಾಪಾರಿಗಳಿಗೆ ಅತ್ಯಂತ ಉಪಯುಕ್ತವಾದದ್ದು.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಪುರುಷರ ಎತ್ತರ ಜಿಗಿತದ 40 ಸ್ಪರ್ಧಿಗಳ ಪೈಕಿ 28 ಮಂದಿ ಹೊಸ ವಿಧಾನವನ್ನು ಬಳಸಿದರು. ಆದರೂ ಚಿನ್ನ ಗೆದ್ದದ್ದು ಹಳೆಯ ವಿಧಾನದ ಯೂರಿ ತಾರ್ಮಾಕ್. ಹೊಸ ವಿಧಾನದಿಂದ ಮೊದಲ ವಿಶ್ವದಾಖಲೆ ಸ್ಥಾಪನೆಯಾದದ್ದು 1973ರಲ್ಲಿ, ಅಮೆರಿಕದ ಡ್ವೈಟ್ ಸ್ಟೋನ್ಸ್ 2.30 ಮೀಟರ್ ಜಿಗಿದಾಗ. ಅಂದರೆ ಫಾಸ್ಬರಿಯ ಪದಕಕ್ಕೂ ಈ ದಾಖಲೆಗೂ ಐದು ವರ್ಷಗಳ ಅಂತರ. ಅನಂತರವೂ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಯಾಶ್ಚೆಂಕೊ ಹಳೆಯ ವಿಧಾನದಿಂದಲೇ 1977ರಲ್ಲಿ 2.33, 1978ರಲ್ಲಿ 2.34 ಮೀಟರ್ ಜಿಗಿದು ವಿಶ್ವದಾಖಲೆ ಬರೆದರು. ಮಹಿಳೆಯರಲ್ಲಿ ಎರಡು ಮೀಟರ್ ದಾಟಿದ ಮೊದಲಿಗರು ಪೂರ್ವ ಜರ್ಮನಿಯ ರೋಸ್‌ಮರಿ ಆಕರ್ಮನ್. 1977ರಲ್ಲಿ, ಅದೂ ಹಳೆಯ ವಿಧಾನದಲ್ಲಿ.

ಹಳೆಯ ವಿಧಾನ ತನ್ನ ಅತ್ಯುನ್ನತ ಮಟ್ಟವನ್ನು ಮುಟ್ಟಿದ್ದು ಹೊಸದು ಬಂದು ಹತ್ತು ವರ್ಷಗಳಾದ ಮೇಲೆ. 1978ರಲ್ಲಿ ಅಂಕಿಗಳನ್ನಷ್ಟೇ ನೋಡಿದವರಿಗೆ ಸ್ಟ್ರಾಡಲ್ ಇನ್ನೂ ಪ್ರಬಲವೆಂದೇ ಕಾಣುತ್ತಿತ್ತು. ಆದರೆ ಹೊಸದಾಗಿ ಕಲಿಯಲು ಬಂದ ಹುಡುಗರು ಯಾವುದನ್ನು ಆರಿಸಿಕೊಳ್ಳುತ್ತಿದ್ದರೆಂದು ನೋಡಿದವರಿಗೆ ಬೇರೆಯೇ ಚಿತ್ರ ಕಾಣುತ್ತಿತ್ತು. ಯಾಶ್ಚೆಂಕೊ ನಂತರ ಹಳೆಯ ವಿಧಾನದಿಂದ ಮತ್ತೊಂದು ವಿಶ್ವದಾಖಲೆ ಬರಲಿಲ್ಲ. 1993ರಲ್ಲಿ ಕ್ಯೂಬಾದ ಹಾವಿಯರ್ ಸೊಟೊಮಾಯೊರ್ ಹೊಸ ವಿಧಾನದಲ್ಲಿ 2.45 ಮೀಟರ್ ದಾಟಿದರು.

ಫಾಸ್ಬರಿಯವರ ಕಥೆ ಏನಾಯಿತು? ಅವರು ಒಮ್ಮೆಯೂ ವಿಶ್ವದಾಖಲೆ ಹೊಂದಿರಲಿಲ್ಲ. 1972ರ ಒಲಿಂಪಿಕ್ಸ್‌ಗೆ ಅಮೆರಿಕ ತಂಡದಲ್ಲಿ ಅವರಿಗೆ ಸ್ಥಾನವೂ ದೊರೆಯಲಿಲ್ಲ. ಎಂಜಿನಿಯರ್ ವೃತ್ತಿಯಲ್ಲಿ ಜೀವನ ಸಾಗಿಸಿ 2023ರಲ್ಲಿ ನಿಧನರಾದರು. ದಾರಿ ತೋರಿದವರು ಅವರು. ದಾಖಲೆಗಳು ಆ ದಾರಿಯಲ್ಲಿ ನಡೆದವರ ಪಾಲಾದವು.

ಬಂದರಿಗೆ ಬಂದ ಲಾರಿ ಮಾಲೀಕ

ಎರಡನೆಯ ಉದಾಹರಣೆ ವರ್ತಕರಿಗೆ ಹೆಚ್ಚು ಹತ್ತಿರವಾದದ್ದು. ಇಂದು ಆಮದು-ರಫ್ತು ವ್ಯಾಪಾರವೆಂದರೆ ಕಂಟೇನರ್ ಎಂಬಷ್ಟು ಅದು ರೂಢಿಯಾಗಿದೆ. ಆದರೆ 1950ರ ದಶಕದವರೆಗೆ ಹಡಗಿಗೆ ಸರಕು ತುಂಬುವುದೆಂದರೆ ಚೀಲ, ಪೀಪಾಯಿ, ಮೂಟೆ, ಪೆಟ್ಟಿಗೆಗಳನ್ನು ಲಾರಿಯಿಂದ ಇಳಿಸಿ, ಗೋದಾಮಿನಲ್ಲಿಟ್ಟು, ಒಂದೊಂದಾಗಿ ಹಡಗಿನ ಒಡಲಿಗೆ ಹೊತ್ತು ಜೋಡಿಸುವುದಾಗಿತ್ತು. ಹಡಗುಗಳು ಸಮುದ್ರದಲ್ಲಿರುವಷ್ಟೇ ಕಾಲವನ್ನು ಬಂದರಿನಲ್ಲಿಯೂ ಕಳೆಯುವುದು ಅಪರೂಪವಾಗಿರಲಿಲ್ಲ. ಕಳವು, ಒಡಕುಗಳ ನಷ್ಟ ಬೇರೆ.

ಅಮೆರಿಕದ ಮಾಲ್ಕಮ್ ಮೆಕ್ಲೀನ್ ಹಡಗಿನ ವ್ಯಾಪಾರದವರಲ್ಲ. 1934ರಲ್ಲಿ ಒಂದು ಹಳೆಯ ಲಾರಿಯಿಂದ ಆರಂಭಿಸಿ, ದೇಶದ ದೊಡ್ಡ ಲಾರಿ ಸಂಸ್ಥೆಗಳಲ್ಲೊಂದನ್ನು ಕಟ್ಟಿದವರು. ಸರಕಿನ ಪೆಟ್ಟಿಗೆಯನ್ನು ಲಾರಿಯ ಚಕ್ರಗಳಿಂದ ಬೇರ್ಪಡಿಸಿ ಇಡಿಯಾಗಿ ಹಡಗಿನ ಮೇಲೆ ಏರಿಸುವುದು ಅವರ ಯೋಜನೆ. ಲಾರಿ ಸಂಸ್ಥೆಯ ಒಡೆಯ ಹಡಗು ಸಂಸ್ಥೆಯನ್ನೂ ಹೊಂದಲು ಅಂದಿನ ಅಮೆರಿಕದ ಕಾನೂನು ಅಡ್ಡಿಯಾದಾಗ, 1955ರಲ್ಲಿ ಅವರು ತಾವು ಬೆಳೆಸಿದ ಲಾರಿ ಸಂಸ್ಥೆಯನ್ನೇ ಬಿಟ್ಟುಕೊಟ್ಟು ಹಡಗು ಸಂಸ್ಥೆಯನ್ನು ಕೊಂಡರು.

1956ರ ಏಪ್ರಿಲ್ 26ರಂದು, ಎರಡನೆಯ ಮಹಾಯುದ್ಧ ಕಾಲದ ತೈಲ ಹಡಗನ್ನು ಮಾರ್ಪಡಿಸಿ ಸಿದ್ಧಪಡಿಸಿದ ಐಡಿಯಲ್-ಎಕ್ಸ್ ಎಂಬ ಹಡಗು 58 ಪೆಟ್ಟಿಗೆಗಳೊಂದಿಗೆ ನ್ಯೂವರ್ಕ್ ಬಂದರಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಬಿಡಿ ಸರಕನ್ನು ತುಂಬಲು ಆಗ ಟನ್ನೊಂದಕ್ಕೆ ಸುಮಾರು 5.83 ಡಾಲರ್ ಖರ್ಚಾಗುತ್ತಿತ್ತು. ಈ ಹಡಗಿಗೆ ತುಂಬಿದ ವೆಚ್ಚ ಟನ್ನಿಗೆ 15.8 ಸೆಂಟ್ ಎಂದು ಸಂಸ್ಥೆಯವರು ಲೆಕ್ಕ ಹಾಕಿದರು. ಅಂದರೆ ಮೂವತ್ತೇಳನೆಯ ಒಂದು ಭಾಗದಷ್ಟು.

ಪೆಟ್ಟಿಗೆಯಲ್ಲಿ ಸರಕು ಸಾಗಿಸುವುದು ಮೆಕ್ಲೀನ್ ಕಂಡುಹಿಡಿದ ಸಂಗತಿಯಲ್ಲ. ರೈಲುಗಳಲ್ಲಿಯೂ ಹಡಗುಗಳಲ್ಲಿಯೂ ಅದಕ್ಕೂ ಮೊದಲೇ ಅಂತಹ ಪ್ರಯತ್ನಗಳು ನಡೆದಿದ್ದವು. ಆದರೆ ಹಡಗಿನ ಒಡೆಯರು ತಮ್ಮ ವ್ಯಾಪಾರವೆಂದರೆ ಹಡಗು ನಡೆಸುವುದು ಎಂದು ಭಾವಿಸಿದ್ದರು. ಮೆಕ್ಲೀನ್ ದೃಷ್ಟಿಯಲ್ಲಿ ಅದು ಕಾರ್ಖಾನೆಯ ಬಾಗಿಲಿನಿಂದ ಗಿರಾಕಿಯ ಬಾಗಿಲಿಗೆ ಸರಕು ಮುಟ್ಟಿಸುವ ವ್ಯಾಪಾರ. ಆದ್ದರಿಂದಲೇ ಪೆಟ್ಟಿಗೆ, ಲಾರಿ, ಕ್ರೇನು, ಹಡಗು, ಬಂದರು ಎಲ್ಲವನ್ನೂ ಒಂದೇ ಅಳತೆಗೆ ಹೊಂದಿಸಲು ಅವರಿಂದ ಸಾಧ್ಯವಾಯಿತು. ಪೆಟ್ಟಿಗೆಯ ಮೂಲೆಗಳನ್ನು ಬಿಗಿಯುವ ಬೀಗದ ವಿನ್ಯಾಸದ ಹಕ್ಕುಸ್ವಾಮ್ಯವನ್ನು ಅಂತಾರಾಷ್ಟ್ರೀಯ ಮಾನಕಕ್ಕಾಗಿ ಶುಲ್ಕವಿಲ್ಲದೆ ಬಿಟ್ಟುಕೊಟ್ಟದ್ದರಿಂದ, ಯಾವ ದೇಶದ ಪೆಟ್ಟಿಗೆಯಾದರೂ ಯಾವ ದೇಶದ ಹಡಗಿನಲ್ಲಾದರೂ ಕೂರುವಂತಾಯಿತು.

ಪರಿಣಾಮ ಬಂದರುಗಳ ಮೇಲೂ ಆಯಿತು. ಶತಮಾನಗಳ ಖ್ಯಾತಿಯ ಲಂಡನ್ ನಗರದ ಹಳೆಯ ಹಡಗುಕಟ್ಟೆಗಳು ಒಂದೊಂದಾಗಿ ಮುಚ್ಚಿಹೋದವು. ಅದುವರೆಗೆ ಲೆಕ್ಕಕ್ಕೇ ಇಲ್ಲದಿದ್ದ ಫೆಲಿಕ್ಸ್‌ಸ್ಟೋ ಬ್ರಿಟನ್ನಿನ ಪ್ರಮುಖ ಕಂಟೇನರ್ ಬಂದರಾಯಿತು. ಸಮುದ್ರದಿಂದ ದೂರವಿರುವ ಊರುಗಳಿಗೂ ಹೊಸ ಅವಕಾಶ ದೊರೆಯಿತು. ಭಾರತದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ. ಸುಂಕದ ತಪಾಸಣೆಯನ್ನು ಇಲ್ಲಿಯೇ ಮುಗಿಸಿ, ಮೊಹರು ಮಾಡಿದ ಪೆಟ್ಟಿಗೆಯನ್ನು ರೈಲಿನಲ್ಲಿ ಬಂದರಿಗೆ ಕಳುಹಿಸುವ ವ್ಯವಸ್ಥೆ ಇದು. ಇದರಿಂದ ರಫ್ತುದಾರನು ಬಂದರಿನಲ್ಲಿ ತನ್ನ ಮನುಷ್ಯರನ್ನು ಕಾಯಿಸಬೇಕಾದ ಅಗತ್ಯ ತಪ್ಪಿತು.

ಆದರೆ ಈ ದಾರಿಯ ಮೊದಲಿಗ ಕೊನೆಯವರೆಗೂ ಗೆಲ್ಲುತ್ತಲೇ ಹೋಗಲಿಲ್ಲ. ಮೆಕ್ಲೀನ್ 1969ರಲ್ಲಿ ತಮ್ಮ ಸೀ-ಲ್ಯಾಂಡ್ ಸಂಸ್ಥೆಯನ್ನು ಮಾರಿ, 1978ರಲ್ಲಿ ಯುನೈಟೆಡ್ ಸ್ಟೇಟ್ಸ್ ಲೈನ್ಸ್ ಎಂಬ ಮತ್ತೊಂದು ಹಡಗು ಸಂಸ್ಥೆಯನ್ನು ಕೊಂಡರು. ತೈಲಬೆಲೆ ಏರುತ್ತಲೇ ಇರುವುದೆಂಬ ನಿರೀಕ್ಷೆಯಲ್ಲಿ, ನಿಧಾನವಾಗಿ ಸಾಗುವ ಆದರೆ ಇಂಧನ ಉಳಿಸುವ 12 ಬೃಹತ್ ಹಡಗುಗಳನ್ನು ಸಾಲದಿಂದ ಕಟ್ಟಿಸಿದರು. ತೈಲಬೆಲೆ ಕುಸಿಯಿತು, ಗಿರಾಕಿಗಳು ವೇಗದ ಹಡಗುಗಳ ಕಡೆಗೆ ಹೋದರು. 1986ರಲ್ಲಿ ಸಂಸ್ಥೆ ದಿವಾಳಿಯಾಯಿತು. ಮೊದಲ ಸಲ ಅವರು ಕಣ್ಣೆದುರಿಗಿದ್ದ ವೆಚ್ಚವನ್ನು ಇಳಿಸಿದ್ದರು. ಎರಡನೆಯ ಸಲ ಮುಂದಿನ ಬೆಲೆಯ ಮೇಲೆ ಪಣ ಕಟ್ಟಿದ್ದರು. ಈ ಎರಡರ ನಡುವಣ ವ್ಯತ್ಯಾಸವನ್ನು ಸಾಲ ಪಡೆಯುವ ಪ್ರತಿಯೊಬ್ಬ ಉದ್ಯಮಿಯೂ ಮನಗಾಣಬೇಕು.

ಗಡಿಯಾರದ ಪಾಠ

ಕ್ರೀಡೆ ಮತ್ತು ತಂತ್ರಜ್ಞಾನ ಒಂದೆಡೆ ಸೇರುವ ಉದಾಹರಣೆಯೂ ಉಂಟು. 1964ರ ಟೋಕಿಯೋ ಒಲಿಂಪಿಕ್ಸ್‌ನ ಸಮಯಮಾಪನದ ಹೊಣೆ ಹೊತ್ತ ಜಪಾನಿನ ಸೈಕೋ ಸಂಸ್ಥೆ, ಅಲ್ಲಿ ಸ್ಫಟಿಕದ ಕಂಪನದಿಂದ ನಡೆಯುವ ಕ್ವಾರ್ಟ್ಸ್ ಗಡಿಯಾರಗಳನ್ನು ಬಳಸಿತು. ಆ ತಂತ್ರವನ್ನು ಕೈಗಡಿಯಾರದೊಳಗೆ ಅಡಗಿಸಿ, 1969ರ ಡಿಸೆಂಬರ್ 25ರಂದು ಆಸ್ಟ್ರಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದರ ಬೆಲೆ 4,50,000 ಯೆನ್. ಆ ಹಣಕ್ಕೆ ಸಣ್ಣ ಕಾರೊಂದು ಬರುತ್ತಿತ್ತು. ಆದರೆ ತಿಂಗಳಿಗೆ ಐದು ಸೆಕೆಂಡುಗಳಿಗಿಂತ ಹೆಚ್ಚು ತಪ್ಪುತ್ತಿರಲಿಲ್ಲ. ಸ್ಪ್ರಿಂಗು, ಚಕ್ರಗಳ ಉತ್ತಮ ಯಾಂತ್ರಿಕ ಗಡಿಯಾರ ದಿನವೊಂದಕ್ಕೆ ಅಷ್ಟು ತಪ್ಪಿದರೂ ಶ್ರೇಷ್ಠವೆನಿಸಿಕೊಳ್ಳುತ್ತಿದ್ದ ಕಾಲವದು.

ಸ್ವಿಟ್ಜರ್ಲೆಂಡಿನವರಿಗೆ ಈ ತಂತ್ರ ಗೊತ್ತಿರಲಿಲ್ಲವೆಂದಲ್ಲ. ಅವರ ಸಂಶೋಧನಾ ಕೇಂದ್ರ 1967ರಲ್ಲಿಯೇ ಕ್ವಾರ್ಟ್ಸ್ ಕೈಗಡಿಯಾರದ ಮಾದರಿಯನ್ನು ತಯಾರಿಸಿತ್ತು. ಆದರೆ ಅವರ ಬಂಡವಾಳ, ಕುಶಲಕರ್ಮಿಗಳು, ಬಿಡಿಭಾಗ ಪೂರೈಸುವ ನೂರಾರು ಸಣ್ಣ ಕಾರ್ಖಾನೆಗಳು ಎಲ್ಲವೂ ಯಾಂತ್ರಿಕ ಗಡಿಯಾರದಲ್ಲಿ ತೊಡಗಿದ್ದವು. 1970ರಲ್ಲಿ ಸುಮಾರು 90,000 ಮಂದಿಗೆ ಕೆಲಸ ಕೊಟ್ಟಿದ್ದ ಆ ಉದ್ಯಮದಲ್ಲಿ 1980ರ ದಶಕದ ಮಧ್ಯಭಾಗಕ್ಕೆ ಮೂವತ್ತು ಸಾವಿರ ಚಿಲ್ಲರೆ ಮಂದಿ ಉಳಿದಿದ್ದರು. 1983ರಲ್ಲಿ ಕೇವಲ 51 ಬಿಡಿಭಾಗಗಳ ಸ್ವಾಚ್ ಗಡಿಯಾರವನ್ನು ಹೊರತಂದು ಅವರು ಚೇತರಿಸಿಕೊಂಡರು. ಅನಂತರ ಯಾಂತ್ರಿಕ ಗಡಿಯಾರವನ್ನು ಸಮಯ ನೋಡುವ ಸಾಧನವಾಗಿ ಮಾರದೆ, ಅಂತಸ್ತಿನ ವಸ್ತುವಾಗಿ ಹೆಚ್ಚಿನ ಬೆಲೆಗೆ ಮಾರಿದರು. ಹಳೆಯ ಕೌಶಲಕ್ಕೆ ಹೊಸ ಗಿರಾಕಿಯನ್ನು ಹುಡುಕುವುದೂ ಒಂದು ಮಾರ್ಗವೆಂಬುದು ಇದರಿಂದ ತಿಳಿಯುತ್ತದೆ. ಆದರೆ ಅದರಲ್ಲಿ ಎಲ್ಲರಿಗೂ ಜಾಗವಿರುವುದಿಲ್ಲ.

ಈ ಅಲೆ ಕರ್ನಾಟಕವನ್ನೂ ತಟ್ಟಿತು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಉತ್ಪನ್ನಗಳಿಗೆ ದೇಶದಾದ್ಯಂತ ಬೇಡಿಕೆಯಿತ್ತು. ಎಚ್‌ಎಂಟಿ ಕ್ವಾರ್ಟ್ಸ್ ಗಡಿಯಾರಗಳನ್ನೂ ತಯಾರಿಸಿತಾದರೂ ಅದರ ಬಲವೆಲ್ಲ ಯಾಂತ್ರಿಕ ಗಡಿಯಾರದಲ್ಲಿಯೇ ಇತ್ತು. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮದ ಜಂಟಿ ಸಂಸ್ಥೆಯಾಗಿ ಆರಂಭಗೊಂಡು, ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟನ್, ಪ್ರಾರಂಭದಿಂದಲೇ ಕ್ವಾರ್ಟ್ಸ್‌ಗೆ ಒತ್ತು ಕೊಟ್ಟಿತು. ಹಳೆಯ ಯಂತ್ರಗಳ, ಹಳೆಯ ವಿನ್ಯಾಸಗಳ ಹೊರೆ ಅದಕ್ಕಿರಲಿಲ್ಲ. ಎಚ್‌ಎಂಟಿ ಗಡಿಯಾರ ಘಟಕಗಳನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟ ಅನುಮೋದನೆ ನೀಡಿತು.

ಮೂರೂ ಉದಾಹರಣೆಗಳ ಸಾರ

ಈ ಮೂರೂ ಪ್ರಸಂಗಗಳಲ್ಲಿ ಸಾಮಾನ್ಯವಾದ ಮೂರು ಅಂಶಗಳಿವೆ. ಮೊದಲನೆಯದಾಗಿ, ಹಳೆಯ ವಿಧಾನ ಯಾವುದೋ ಒಂದು ನಿರ್ಬಂಧದ ಕಾರಣದಿಂದ ರೂಪುಗೊಂಡಿತ್ತು. ಗಟ್ಟಿ ನೆಲ, ಕೈಯಿಂದಲೇ ಹೊರಬೇಕಾದ ಸರಕು, ಸ್ಪ್ರಿಂಗಿನ ಮಿತಿ. ನಿರ್ಬಂಧ ಸಡಿಲವಾದದ್ದನ್ನು ಮೊದಲು ಬಳಸಿಕೊಂಡವನೇ ಅಗ್ರಗಾಮಿಯಾದನು. ಎರಡನೆಯದಾಗಿ, ಹಳೆಯದರಲ್ಲಿ ಹೆಚ್ಚು ಹೂಡಿದವರೇ ಅತ್ಯಂತ ತಡವಾಗಿ ಬದಲಾದರು. ಅದಕ್ಕೆ ಕಾರಣ ಅಜ್ಞಾನವಲ್ಲ, ಹೂಡಿದ ಬಂಡವಾಳದ ಮೋಹ. ಮೂರನೆಯದಾಗಿ, ಲಾಭದ ದೊಡ್ಡ ಪಾಲು ಮೊದಲಿಗನಿಗಿಂತ, ಬೇಗನೆ ಅನುಸರಿಸಿದವರಿಗೆ ಸಂದಿತು. ಸಣ್ಣ ಉದ್ದಿಮೆದಾರರಿಗೆ ಇದು ಸಮಾಧಾನದ ವಿಷಯ. ಪ್ರಯೋಗದ ವೆಚ್ಚವನ್ನು ಭರಿಸುವ ಶಕ್ತಿಯಿಲ್ಲದಿದ್ದರೂ, ಪ್ರಯೋಗ ಫಲಿಸಿದ್ದನ್ನು ಕಂಡು ಹಿಂಬಾಲಿಸುವ ಎಚ್ಚರವಿದ್ದರೆ ಸಾಕು.

ಲೆಕ್ಕಪುಸ್ತಕ ಏನು ಹೇಳುತ್ತದೆ?

ಈ ಮೋಹವನ್ನು ಲೆಕ್ಕದಲ್ಲಿ ಪರೀಕ್ಷಿಸಬಹುದು. ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಬಿಡಿಭಾಗ ತಯಾರಿಸುವ ಘಟಕವೊಂದು ಐದು ವರ್ಷಗಳ ಹಿಂದೆ 10 ಲಕ್ಷ ರೂ.ಗೆ ಒಂದು ಯಂತ್ರವನ್ನು ಕೊಂಡಿತ್ತು. ಪ್ರತಿವರ್ಷ ಉಳಿದ ಮೌಲ್ಯದ ಮೇಲೆ ಶೇ. 15ರಂತೆ ಸವಕಳಿ ಕಳೆದರೆ ಈಗ ಪುಸ್ತಕದಲ್ಲಿ ಅದರ ಮೌಲ್ಯ 4,43,705 ರೂ. ಆದರೆ ಅದೇ ಕೆಲಸಕ್ಕೆ ಗಣಕನಿಯಂತ್ರಿತ ಯಂತ್ರ ಬಂದಿರುವುದರಿಂದ ಹಳೆಯದಕ್ಕೆ ಪೇಟೆಯಲ್ಲಿ 1,50,000 ರೂ. ಮಾತ್ರ ಸಿಗುತ್ತದೆ. ಹೊಸದರ ಬೆಲೆ 14 ಲಕ್ಷ ರೂ.

ಮಾರಿದರೆ 2,93,705 ರೂ. ನಷ್ಟವಾಗುವುದೆಂದು ಮಾಲೀಕರು ಹಿಂಜರಿಯುವುದು ಸಹಜ. ಆದರೆ ಆ ನಷ್ಟ ಈಗಾಗಲೇ ಆಗಿಹೋಗಿದೆ. ಯಂತ್ರವನ್ನು ಇಟ್ಟುಕೊಂಡರೂ ಅದು ಹಿಂತಿರುಗುವುದಿಲ್ಲ. ನಿರ್ಧಾರಕ್ಕೆ ಬೇಕಾದದ್ದು ಇಂದಿನಿಂದ ಮುಂದಿನ ಲೆಕ್ಕ ಮಾತ್ರ. ಸವಕಳಿಯನ್ನು ಬಿಟ್ಟು, ಹಳೆಯ ಯಂತ್ರದಲ್ಲಿ ಒಂದು ಬಿಡಿಭಾಗಕ್ಕೆ 12 ರೂ. ತಗಲುತ್ತದೆ, ಹೊಸದರಲ್ಲಿ 8 ರೂ. ಎಂದಿಟ್ಟುಕೊಂಡರೆ ಉಳಿತಾಯ 4 ರೂ. ಹೊಸದಕ್ಕೆ ಹೂಡಬೇಕಾದ ನಿವ್ವಳ ಮೊತ್ತ, ಹಳೆಯದರ ಮಾರಾಟದ ಹಣ ಕಳೆದು, 12,50,000 ರೂ.

ಘಟಕ ವರ್ಷಕ್ಕೆ 60,000 ಬಿಡಿಭಾಗ ತಯಾರಿಸುತ್ತಿದ್ದರೆ ವಾರ್ಷಿಕ ಉಳಿತಾಯ 2,40,000 ರೂ. ಹೂಡಿದ ಹಣ ಮರಳಲು ಬಡ್ಡಿಯನ್ನು ಬಿಟ್ಟೇ ಐದು ವರ್ಷಕ್ಕೂ ಮಿಕ್ಕಿ ಬೇಕು. ಅಷ್ಟರಲ್ಲಿ ಮತ್ತೊಂದು ಬದಲಾವಣೆ ಬಂದರೂ ಬರಬಹುದು. ಇಂತಹ ಘಟಕಕ್ಕೆ ಹೊಸ ಯಂತ್ರವುಳ್ಳವರಿಂದ ಕೂಲಿಯ ಮೇಲೆ ಕೆಲಸ ಮಾಡಿಸಿಕೊಳ್ಳುವುದು ಲೇಸು. ಅದೇ 1,50,000 ಬಿಡಿಭಾಗಗಳ ಬೇಡಿಕೆಯಿದ್ದರೆ ಉಳಿತಾಯ 6 ಲಕ್ಷ ರೂ.; ಹೂಡಿಕೆ ಎರಡು ವರ್ಷ ದಾಟುತ್ತಿದ್ದಂತೆ ಮರಳುತ್ತದೆ. ಎರಡೂ ಸಂದರ್ಭಗಳಲ್ಲಿ ಪುಸ್ತಕದ ನಷ್ಟ ಒಂದೇ, ನಿರ್ಧಾರ ಮಾತ್ರ ಬೇರೆ. ಉತ್ತರವನ್ನು ನಿರ್ಧರಿಸಿದ್ದು ಹಿಂದಿನ ಖರೀದಿ ಬೆಲೆಯಲ್ಲ, ಮುಂದಿನ ಬೇಡಿಕೆ.

ಲೆಕ್ಕಪತ್ರ ಶಾಸ್ತ್ರವೂ ಈ ಸಂಗತಿಯನ್ನು ಒಪ್ಪಿದೆ. ಆಸ್ತಿಗಳ ಮೌಲ್ಯಕುಸಿತಕ್ಕೆ ಸಂಬಂಧಿಸಿದ ಎ.ಎಸ್. 28 ಎಂಬ ಲೆಕ್ಕಪತ್ರ ಮಾನಕದಂತೆ, ತಂತ್ರಜ್ಞಾನದಲ್ಲಿ ಆಗುವ ಗಣನೀಯ ಪ್ರತಿಕೂಲ ಬದಲಾವಣೆಯೂ ಮೌಲ್ಯಕುಸಿತದ ಸೂಚನೆಗಳಲ್ಲೊಂದು. ನಿವ್ವಳ ಮಾರಾಟ ಬೆಲೆ ಮತ್ತು ಬಳಕೆಯಿಂದ ದೊರೆಯುವ ಮೌಲ್ಯ, ಈ ಎರಡರಲ್ಲಿ ಹೆಚ್ಚಿನದಕ್ಕಿಂತ ಪುಸ್ತಕ ಮೌಲ್ಯ ಅಧಿಕವಾಗಿದ್ದರೆ ವ್ಯತ್ಯಾಸವನ್ನು ನಷ್ಟವೆಂದು ತೋರಿಸಬೇಕು. ವರ್ಷಾಂತ್ಯದಲ್ಲಿ ಬ್ಯಾಂಕಿಗೆ ತೋರಿಸಲೆಂದು ಆಸ್ತಿಯ ಮೌಲ್ಯವನ್ನು ಎತ್ತರದಲ್ಲಿಯೇ ಇಟ್ಟುಕೊಳ್ಳುವವರು, ಮೊದಲು ಮೋಸಗೊಳಿಸುವುದು ತಮ್ಮನ್ನೇ.

ವರ್ಷಕ್ಕೊಮ್ಮೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಆಯವ್ಯಯ ಲೆಕ್ಕವನ್ನು ಮುಗಿಸುವ ಸಂದರ್ಭದಲ್ಲಿ ಪ್ರತಿಯೊಬ್ಬ ವರ್ತಕನೂ ಉದ್ದಿಮೆದಾರನೂ ಈ ಕೆಳಗಿನ ನಾಲ್ಕು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಒಳಿತು.

1. ನಮ್ಮ ಈಗಿನ ವಿಧಾನ ಯಾವ ನಿರ್ಬಂಧದಿಂದ ಹುಟ್ಟಿತು? ಆ ನಿರ್ಬಂಧ ಇಂದಿಗೂ ಇದೆಯೇ? ಊರಿನಲ್ಲಿ ಬಿಡಿಭಾಗ ಸಿಗುವುದಿಲ್ಲವೆಂದು ಆರು ತಿಂಗಳ ದಾಸ್ತಾನು ಇಡುತ್ತಿದ್ದ ವ್ಯಾಪಾರಿ, ಎರಡೇ ದಿನಗಳಲ್ಲಿ ಸರಕು ಬರುವ ಕಾಲದಲ್ಲಿಯೂ ಹಾಗೆಯೇ ಇಡುತ್ತಿದ್ದರೆ, ಆತನ ಹಣ ಗಟ್ಟಿ ನೆಲದ ಭಯದಲ್ಲಿಯೇ ಸಿಲುಕಿದೆಯೆಂದು ತಿಳಿಯಬೇಕು.

2. ನಮ್ಮ ಕ್ಷೇತ್ರಕ್ಕೆ ಹೊಸದಾಗಿ ಬರುತ್ತಿರುವವರು ಯಾವ ವಿಧಾನವನ್ನು ಆರಿಸಿಕೊಳ್ಳುತ್ತಿದ್ದಾರೆ? ಹಳಬರ ದಾಖಲೆಗಿಂತ ಹೊಸಬರ ಆಯ್ಕೆ ನಂಬಲರ್ಹವಾದ ಸೂಚನೆ. ಮ್ಯೂನಿಕ್‌ನಲ್ಲಿ ಪದಕ ಹಳೆಯ ವಿಧಾನಕ್ಕೆ ಸಂದಿತಾದರೂ, 40ರಲ್ಲಿ 28 ಎಂಬ ಅಂಕಿ ಮುಂದಿನ ದಾರಿಯನ್ನು ತೋರಿತ್ತು.

3. ಹೊಸ ಹೂಡಿಕೆ ಇಂದಿನ ವೆಚ್ಚವನ್ನು ಇಳಿಸುತ್ತದೆಯೇ, ಅಥವಾ ನಾಳಿನ ಬೆಲೆಯ ಊಹೆಯನ್ನು ಅವಲಂಬಿಸಿದೆಯೇ? ಊಹೆ ಸುಳ್ಳಾದರೆ ಸಾಲದ ಕಂತನ್ನು ಬೇರೆ ಆದಾಯದಿಂದ ತೀರಿಸಬಲ್ಲೆವೇ?

4. ಪೂರ್ಣವಾಗಿ ಬದಲಾಗುವ ಮೊದಲು ಒಂದು ಭಾಗದಲ್ಲಿ ಪರೀಕ್ಷಿಸಲು ಸಾಧ್ಯವೇ? ಒಂದು ಸರಕು, ಒಬ್ಬ ಗಿರಾಕಿ, ಒಂದು ಬಾಡಿಗೆ ಯಂತ್ರ ಇಷ್ಟರಿಂದಲೇ ಆರಂಭಿಸಿದರೆ ಕಲಿಕೆಯ ವೆಚ್ಚ ಮಿತಿಯಲ್ಲಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಹೊಸದೆಂದು ಬಂದದ್ದೆಲ್ಲವೂ ಕ್ಷೇತ್ರವನ್ನು ಬದಲಿಸುವುದಿಲ್ಲ. ಮಾರಾಟ ಪ್ರತಿನಿಧಿಯ ಮಾತಿನ ಮೇಲೆ ಸಾಲ ಮಾಡಿ ಯಂತ್ರ ಕೊಂಡು ಕಂತು ಕಟ್ಟಲಾರದೆ ಹೋದವರೂ ಇದ್ದಾರೆ. ಟನ್ನಿಗೆ 5.83 ಡಾಲರ್ 15.8 ಸೆಂಟಿಗೆ ಇಳಿದಂತೆ, ವೆಚ್ಚದಲ್ಲಿಯೋ ಗುಣಮಟ್ಟದಲ್ಲಿಯೋ ಎದ್ದು ಕಾಣುವ ಅಂತರವಿದ್ದರೆ ಮಾತ್ರ ಅದು ನಿಜವಾದ ಬದಲಾವಣೆ. ಶೇ. 5ರ ಉಳಿತಾಯಕ್ಕಾಗಿ ಇಡೀ ಕಾರ್ಖಾನೆಯನ್ನು ಬದಲಿಸುವ ಅಗತ್ಯವಿಲ್ಲ.

ಹಾಗೆಯೇ, ಹಳೆಯ ಕೌಶಲದ ಬೆಲೆ ಇಳಿಯಿತೆಂದರೆ ಆ ಕೌಶಲವುಳ್ಳ ಕೆಲಸಗಾರನ ಬೆಲೆ ಇಳಿಯಿತೆಂದು ಅರ್ಥವಲ್ಲ. ಲೋಹದ ಗುಣ, ಅಳತೆಯ ಸೂಕ್ಷ್ಮ, ಗಿರಾಕಿಯ ಅಗತ್ಯಗಳನ್ನು ಬಲ್ಲ ಅನುಭವಿಗೆ ಹೊಸ ಯಂತ್ರವನ್ನು ಕಲಿಸುವುದು, ಯಂತ್ರ ಮಾತ್ರ ಬಲ್ಲವನಿಗೆ ಆ ಅನುಭವವನ್ನು ಕಲಿಸುವುದಕ್ಕಿಂತ ಸುಲಭ. ಆದ್ದರಿಂದ ಹೊಸ ಯಂತ್ರದ ಅಂದಾಜುಪಟ್ಟಿಯಲ್ಲಿ ತರಬೇತಿಯ ಖರ್ಚಿಗೂ ಒಂದು ಸಾಲು ಇರಬೇಕು.

ಫಾಸ್ಬರಿ, ಮೆಕ್ಲೀನ್, ಸೈಕೋ ಇವರಂತೆ ಕ್ಷೇತ್ರದ ದಾರಿಯನ್ನೇ ಬದಲಿಸುವ ಅವಕಾಶ ಎಲ್ಲರಿಗೂ ದೊರೆಯುವಂತಹದಲ್ಲ. ಆದರೆ ದಾರಿ ಬದಲಾದದ್ದನ್ನು ಗುರುತಿಸುವುದು ಎಲ್ಲರಿಂದಲೂ ಸಾಧ್ಯ. ಯಂತ್ರದ ಸವಕಳಿಯನ್ನು ಪ್ರತಿವರ್ಷ ತಪ್ಪದೆ ಬರೆಯುವ ಉದ್ಯಮಿ, ತನ್ನ ವಿಧಾನದ ಸವಕಳಿಯನ್ನೂ ಅದೇ ಶಿಸ್ತಿನಿಂದ ವರ್ಷಕ್ಕೊಮ್ಮೆ ಅಳೆದುಕೊಂಡರೆ, ಬದಲಾವಣೆ ಬಂದಾಗ ಆತನಿಗೆ ಸಿದ್ಧತೆಗೆ ಕಾಲಾವಕಾಶವಿರುತ್ತದೆ. ಎತ್ತರ ಜಿಗಿತದಲ್ಲಿ ಆ ಅವಕಾಶ ಹತ್ತು ವರ್ಷಗಳಷ್ಟು ದೀರ್ಘವಾಗಿತ್ತು. ಇಂದಿನ ವ್ಯಾಪಾರದಲ್ಲಿ ಅಷ್ಟು ಕಾಲ ದೊರೆಯುವುದೆಂದು ಲೆಕ್ಕ ಹಾಕುವುದು ವಿವೇಕವಲ್ಲ.